ಹಳೇ ಬ್ಯಾಂಡ್, ಹೊಸ ಗಂಟಲು: ಟ್ಯೂನಿಂಗ್ ಇಳಿಸಬೇಕಾ, ಹಾಡನ್ನೇ ತಿದ್ದಬೇಕಾ?

ಅರೆಸ್ವರ ಕೇಳಿದ್ದು:

ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಆಲ್ಬಮ್ ‘ಹೆವನ್ ಅಂಡ್ ಹೆಲ್’ (1980), ಅಂಥದ್ದೇ ಇನ್ನೊಂದು ಬ್ಯಾಂಡ್ ಐರನ್ ಮೇಡನ್‌ನ ‘ದಿ ಎಕ್ಸ್ ಫ್ಯಾಕ್ಟರ್’ (1995) ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಎರಡರಲ್ಲೂ ಬ್ಯಾಂಡ್ ಹಳೆಯದು, ದನಿ ಹೊಸದು. ಮೊದಲನೆಯದರಲ್ಲಿ ರಾನಿ ಜೇಮ್ಸ್ ಡಿಯೋ ಹುಟ್ಟಿನಿಂದಲೂ ಆ ಬ್ಯಾಂಡಲ್ಲೇ ಇದ್ದವರ ಹಾಗೆ ಕೇಳಿಸ್ತಾರೆ. ಎರಡನೆಯದರಲ್ಲಿ ಬ್ಲೇಜ್ ಬೇಲಿ ಎಷ್ಟೋ ಕಡೆ ಬೇರೆಯವರ ಅಂಗಿ ತೊಟ್ಟ ಹಾಗೆ. ಗಾಯಕರ ಯೋಗ್ಯತೆಯ ಮಾತು ಬಿಡಿ, ತಾಂತ್ರಿಕವಾಗಿ ವ್ಯತ್ಯಾಸ ಎಲ್ಲಿ ಆಯ್ತು?

ಕೇಳೋದಕ್ಕೆ ಕಾರಣ ಇದೆ. ನಮ್ಮ ಬ್ಯಾಂಡಿನ ಕನ್ನಡದ ಐದು ಹಾಡು ರೆಕಾರ್ಡ್ ಆಗಬೇಕು. ಹಿಂದಿನ ಗಾಯಕ ಟೆನರ್ (ಎತ್ತರದ ಗಂಡು ದನಿ), ಈಗಿನವರು ಬ್ಯಾರಿಟೋನ್ (ಅದಕ್ಕಿಂತ ತಗ್ಗಿನ ದನಿ). ರಿಫ್‌ಗಳೆಲ್ಲ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಇ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಗಿಟಾರ್‌ನ ಮಾಮೂಲಿ ಶ್ರುತಿಯಲ್ಲಿ, ಕೂತುಬಿಟ್ಟಿವೆ. ಎಲ್ಲವನ್ನೂ ಒಂದು ಪೂರ್ತಿ ಸ್ವರ ಇಳಿಸಿ ಡಿ ಮಾಡಿದರೆ ಮುಗೀತಾ? ಇಳಿಸೋದಾದರೆ ಗಿಟಾರ್‌ಗೆ ಏನೇನು ಮಾಡಬೇಕು?

ಕಪ್ಪು ಎರಡು ಉತ್ತರ:

ಮುಗಿಯಲ್ಲ. ಯಾಕೆ ಅಂತ ಸಬ್ಬತ್‌ನಿಂದಲೇ ನೋಡೋಣ.

1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಗಿಟಾರಿಸ್ಟ್ ಟೋನಿ ಅಯೋಮಿ ಎಷ್ಟೋ ಹಾಡಿಗೆ ಮೂರು ಅರ್ಧಸ್ವರ ಇಳಿಸಿ ಸಿ ಶಾರ್ಪ್‌ಗೆ ಹೋಗಿದ್ದರು. ಡಿಯೋ ಬಂದಾಗ ಅಷ್ಟು ಆಳಕ್ಕೆ ಇಳಿಯಲಿಲ್ಲ, ಒಂದೇ ಅರ್ಧಸ್ವರ ಇಳಿಸಿ ಇ ಫ್ಲ್ಯಾಟ್‌ನಲ್ಲಿ ನಿಂತರು. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಎರಡು. (ಹೌದು, ನನ್ನ ಹೆಸರು ಅದೇ.) ಆದರೆ ದೊಡ್ಡ ಬದಲಾವಣೆ ಟ್ಯೂನಿಂಗ್‌ನಲ್ಲಿ ಆಗಿದ್ದಲ್ಲ, ದನಿ ಮತ್ತು ರಿಫ್‌ನ ಸಂಬಂಧದಲ್ಲಿ. ಹಿಂದಿನ ಗಾಯಕ ಓಜಿ ಆಸ್ಬರ್ನ್ ಹೆಚ್ಚಾಗಿ ರಿಫ್‌ನ ಜೊತೆಜೊತೆಗೇ ಹಾಡುತ್ತಿದ್ದರು. ‘ಐರನ್ ಮ್ಯಾನ್’ ಚರಣ ಕೇಳಿ, ಗಿಟಾರ್ ಎಲ್ಲಿ ಹೋಗುತ್ತೋ ದನಿಯೂ ಅಲ್ಲೇ. ಡಿಯೋ ರಿಫ್‌ಗೆ ಅಡ್ಡಲಾಗಿ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಮೇಲೆ ಬೇರೆಯದೇ ರಾಗ ಎಳೆಯುವವರು. ಹಾಗೆ ಎಳೆಯೋಕೆ ಜಾಗ ಬೇಕು. ‘ಹೆವನ್ ಅಂಡ್ ಹೆಲ್’ ಶೀರ್ಷಿಕೆ ಹಾಡಿನ ಚರಣದಲ್ಲಿ ಆ ಭಾರಿ ರಿಫ್ ಪಕ್ಕಕ್ಕೆ ಸರಿದು, ಗೀಜರ್ ಬಟ್ಲರ್‌ನ ಬೇಸ್ ಮತ್ತು ಡ್ರಮ್ಸ್ ಮೇಲೆ ದನಿ ನಿಲ್ಲುತ್ತೆ, ಗಿಟಾರ್ ಅಲ್ಲಲ್ಲಿ ಮಾತ್ರ ಬಂದು ಹೋಗುತ್ತೆ. ಹೊಸ ಗಾಯಕನಿಗೆ ಹಳೇ ಗಿಟಾರಿಸ್ಟ್ ಜಾಗ ಬಿಡೋದು ಅಂದರೆ ಇದು.

ಮೇಡನ್ ಇದನ್ನು ಅರ್ಧ ಮಾತ್ರ ಮಾಡಿತು. ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಅವರ ಎಸೆಕ್ಸ್‌ನ ಬಾರ್ನ್‌ಯಾರ್ಡ್ ಸ್ಟುಡಿಯೋದಲ್ಲಿ, ಹ್ಯಾರಿಸ್ ಮತ್ತು ನೈಜೆಲ್ ಗ್ರೀನ್ ನಿರ್ಮಾಣದಲ್ಲಿ ಆದ ಆಲ್ಬಮ್ ‘ದಿ ಎಕ್ಸ್ ಫ್ಯಾಕ್ಟರ್’. ನಿಧಾನವಾಗಿ ಕತ್ತಲಿನಿಂದ ಏಳುವ ‘ಸೈನ್ ಆಫ್ ದ ಕ್ರಾಸ್’ ತರಹದವು ಬ್ಲೇಜ್‌ಗೆ ಸರಿಯಾಗಿ ಕೂತವು. ಪೇಚಾಟ ಶುರುವಾಗಿದ್ದು ವೇದಿಕೆಯಲ್ಲಿ. ಹಿಂದಿನ ಗಾಯಕ ಬ್ರೂಸ್ ಡಿಕಿನ್ಸನ್ ಎತ್ತರದಲ್ಲಿ ಹಾಡಿದ್ದ ಹಳೇ ಹಾಡುಗಳನ್ನು ಅದೇ ಶ್ರುತಿಯಲ್ಲಿ ಪ್ರತಿ ರಾತ್ರಿ ಹಾಡಬೇಕಾಯ್ತು. ಬ್ಯಾಂಡ್ ಟ್ಯೂನಿಂಗ್ ಇಳಿಸಲಿಲ್ಲ. ದನಿ ಕೈಕೊಟ್ಟು ಕಾರ್ಯಕ್ರಮಗಳು ರದ್ದಾದವು.

ತಮಾಷೆ ಏನಂದ್ರೆ, 1999ರಲ್ಲಿ ಮರಳಿ ಬಂದ ಬ್ರೂಸ್, ಬ್ಲೇಜ್ ಕಾಲದ ‘ಸೈನ್ ಆಫ್ ದ ಕ್ರಾಸ್’, ‘ದ ಕ್ಲಾನ್ಸ್‌ಮನ್’ ಎರಡನ್ನೂ ಹಾಡಿದರು. 2001ರ ಜನವರಿಯ ರಾಕ್ ಇನ್ ರಿಯೋ ಧ್ವನಿಮುದ್ರಣದಲ್ಲಿ ಎರಡೂ ಇವೆ, ಎರಡೂ ಸಲೀಸು. ತಗ್ಗಿನ ದನಿಗೆ ಕಟ್ಟಿದ ಹಾಡನ್ನು ಎತ್ತರದ ದನಿ ಎತ್ತಿಕೊಂಡು ಹೋಗುತ್ತೆ. ತಿರುಗಾಮುರುಗಾ ಮಾಡಿದರೆ ನಡೆಯಲ್ಲ.

ಈಗ ನಿಮ್ಮ ಡಿ ಟ್ಯೂನಿಂಗ್. ಟೆನರ್‌ಗೂ ಬ್ಯಾರಿಟೋನ್‌ಗೂ ನಡುವೆ ಸಾಮಾನ್ಯವಾಗಿ ಮೂರು ನಾಲ್ಕು ಅರ್ಧಸ್ವರದ ಅಂತರ. ಎರಡು ಇಳಿಸಿದರೆ ಪಲ್ಲವಿ ಇನ್ನೂ ಎತ್ತರದಲ್ಲೇ ಉಳಿಯುತ್ತೆ, ಚರಣ ಮಾತ್ರ ಪಾತಾಳಕ್ಕೆ ಹೋಗಿ ಗಿಟಾರ್‌ನ ಕೆಸರಲ್ಲಿ ಹೂತುಹೋಗುತ್ತೆ. ನಾಲ್ಕು ಇಳಿಸಿದರೆ ಪಲ್ಲವಿ ಸರಿ, ಚರಣ ಕೇಳಿಸೋದೇ ಇಲ್ಲ. ಅದಕ್ಕೇ ಒಂದು ಅರ್ಧಸ್ವರ, ಹೆಚ್ಚೆಂದರೆ ಎರಡು ಇಳಿಸಿ. ಉಳಿದಿದ್ದನ್ನು ಪಲ್ಲವಿಯ ರಾಗ ತಿದ್ದಿ ಸರಿಮಾಡಿ: ಅತಿ ಎತ್ತರದ ಸ್ವರ ಪ್ರತಿ ಸಾಲಿಗೂ ಬೇಡ, ನಾಲ್ಕನೇ ಸಾಲಿಗೆ ಒಂದೇ ಸಲ ಬರಲಿ.

ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಒಂದು ಪರೀಕ್ಷೆ. ಎರಡು ಗಂಟೆ ಅಭ್ಯಾಸದ *ಕೊನೆಗೆ*, ಬ್ಯಾಂಡ್ ಪೂರ್ತಿ ಸದ್ದಲ್ಲಿ ನುಡಿಸುವಾಗ, ಗಾಯಕ ಸಾಹಿತ್ಯ ಸಮೇತ ಎಂಟು ಸಲ ಬಿಡದೆ ಹಾಡಬಲ್ಲ ಎತ್ತರದ ಸ್ವರ ಯಾವುದು ನೋಡಿ. ಅದಕ್ಕಿಂತ ಎರಡು ಅರ್ಧಸ್ವರ ಕೆಳಗೆ ಪಲ್ಲವಿಯ ಬಹುಪಾಲು ಇರಲಿ. ಬೆಳಗ್ಗೆ ಫ್ರೆಶ್ ಆಗಿ ಒಂದೇ ಸಲ ಮುಟ್ಟಿದ ಸ್ವರವನ್ನು ಲೆಕ್ಕಕ್ಕೆ ಹಿಡೀಬೇಡಿ. ಎಲ್ಲರೂ ಎಡವೋದು ಅಲ್ಲೇ.

ಆರನೇ ತಂತಿ ಉತ್ತರ:

ಗಿಟಾರ್ ಭಾಗ ನಾನು ಹೇಳ್ತೇನೆ.

ಮೊದಲು ಒಂದು ಎಚ್ಚರಿಕೆ: ರಿಫ್‌ನಲ್ಲಿ ತೆರೆದ ಆರನೇ ತಂತಿ (ಬೆರಳಿಡದೆ ಮೀಟುವ, ಅತಿ ದಪ್ಪದ ತಂತಿ) ಇದ್ದರೆ ಶ್ರುತಿ ಬದಲಿಸೋಕೆ ಬೆರಳಿನ ಜಾಗ ಬದಲಿಸಬೇಡಿ, ತಂತಿಯನ್ನೇ ಇಳಿಸಿ. ಇ-ಯ ರಿಫ್ ಅನ್ನು ಎಫ್ ಶಾರ್ಪ್‌ಗೆ ಸರಿಸಿದರೆ ತೆರೆದ ತಂತಿಯ ಗುಂಯ್ ಹೋಯ್ತು, ರಿಫ್ ಸತ್ತಿತು ಅಂತಲೇ ಲೆಕ್ಕ.

ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಪಾತ. ಅರ್ಧಸ್ವರ ಇಳಿಸಿದರೆ ಸುಮಾರು 11 ಶೇಕಡಾ ಬಿಗಿತ ಹೋಗುತ್ತೆ, ಪೂರ್ತಿ ಸ್ವರಕ್ಕೆ ಸುಮಾರು 21. ಅದನ್ನು ತುಂಬೋಕೆ ದಪ್ಪ ತಂತಿ: 10–46 ಸೆಟ್ (ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ ಅತಿ ಸಣ್ಣ, ಅತಿ ದಪ್ಪ ತಂತಿಗಳ ದಪ್ಪ) ಇದ್ದರೆ ಇ ಫ್ಲ್ಯಾಟ್‌ಗೆ 10.5 ಅಥವಾ 11ರಿಂದ ಶುರುವಾಗುವ ಸೆಟ್, ಡಿ ಸ್ಟ್ಯಾಂಡರ್ಡ್‌ಗೆ 11–52ರ ಆಸುಪಾಸು. ಲೆಸ್ ಪಾಲ್ ಮಾದರಿಯ ಗಿಟಾರ್‌ನಲ್ಲಿ ತಂತಿಯ ಉದ್ದದ ಅಳತೆ 24.75 ಇಂಚು, ಅದರಲ್ಲಿ 25.5 ಇಂಚಿನ ಸ್ಟ್ರಾಟ್ ಮಾದರಿಗಿಂತ ಅದೇ ತಂತಿ ಆರು ಶೇಕಡಾ ಸಡಿಲ. ಇಬ್ಬರು ಗಿಟಾರಿಸ್ಟ್‌ಗಳ ಬಳಿ ಬೇರೆ ಬೇರೆ ಅಳತೆ ಇದ್ದರೆ ಒಂದೇ ಸೆಟ್ ಕೊಳ್ಳಬೇಡಿ.

ಬೇಸ್ ಮರೆಯಬೇಡಿ. ಕೆಳಗಿನ ಇ ಅಂದರೆ 41 ಹರ್ಟ್ಸ್, ಡಿ ಅಂದರೆ 37ಕ್ಕೂ ಕಡಿಮೆ. 45–105ರ ಬದಲು 50–110 ಹಾಕಿ, ಇಲ್ಲದಿದ್ದರೆ ತಂತಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬಡಿಯೋದೇ ರೆಕಾರ್ಡ್ ಆಗುತ್ತೆ.

ಏನೇನು ಕೆಡುತ್ತೆ:

ತಂತಿ ಬದಲಿಸದೆ ಇಳಿಸಿದರೆ ಕತ್ತು ಹಿಂದಕ್ಕೆ ನೆಟ್ಟಗಾಗಿ ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ಝರ್ ಅನ್ನುತ್ತೆ. ಟ್ರಸ್ ರಾಡ್ (ಕತ್ತಿನೊಳಗಿನ ಕಬ್ಬಿಣದ ಸರಳು) ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ನೋಡಿ. ಫ್ಲಾಯ್ಡ್ ರೋಸ್ (ಸ್ಪ್ರಿಂಗ್ ಮೇಲೆ ತೇಲುವ ಬ್ರಿಡ್ಜ್) ಇದ್ದರೆ ಬ್ರಿಡ್ಜ್ ಒಳಕ್ಕೆ ಕುಸಿಯುತ್ತೆ, ಹಿಂದೆ ಸ್ಪ್ರಿಂಗ್ ಹಿಡಿದಿರುವ ಕ್ಲಾ ಸ್ಕ್ರೂ ಸಡಿಲಿಸಬೇಕು. ದಪ್ಪ ತಂತಿ ಹಾಕಿದರೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳು ಸಾಲದೆ ತಂತಿ ಸಿಕ್ಕಿಕೊಳ್ಳುತ್ತೆ. ಟ್ಯೂನ್ ಮಾಡುವಾಗ ‘ಟಿಂಕ್’ ಅಂತ ಸದ್ದು ಬಂದರೆ ಅದೇ ಕಾಯಿಲೆ. ಸೀಳು ಉಜ್ಜಿಸಿ. ಕೊನೆಗೆ 12ನೇ ಫ್ರೆಟ್‌ನಲ್ಲಿ ಇಂಟೊನೇಶನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವ ಹೊಂದಾಣಿಕೆ) ಹೊಸದಾಗಿ ಕೂರಿಸಿ.

ಇನ್ನೊಂದನ್ನು ಗಾಯಕರು ಗಿಟಾರಿಸ್ಟ್ ಮೇಲೆ, ಗಿಟಾರಿಸ್ಟ್ ಗಾಯಕರ ಮೇಲೆ ಹಾಕ್ತಾರೆ. ಸಡಿಲ ತಂತಿಯನ್ನು ಜೋರಾಗಿ ಬಡಿದಾಗ ಮೊದಲ ಕ್ಷಣ ಸ್ವರ ಹತ್ತು ಹದಿನೈದು ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತೆ. ಗಾಯಕ ಯಾವುದನ್ನು ಹಿಡಿಯಬೇಕು? ಟ್ಯೂನರ್ ಮುಂದೆ ಮೆಲ್ಲಗೆ ಮೀಟಿ ಟ್ಯೂನ್ ಮಾಡಬೇಡಿ. ಹಾಡಿನಲ್ಲಿ ಎಷ್ಟು ಜೋರಾಗಿ ಬಡಿಯುತ್ತೀರೋ ಅಷ್ಟೇ ಜೋರಿನಲ್ಲಿ ಮಾಡಿ.

ಅರೆಸ್ವರ:

ಕಪ್ಪು ಎರಡು, ಆರನೇ ತಂತಿ, ಇಬ್ಬರಿಗೂ ಥ್ಯಾಂಕ್ಸ್. ಮೂರು ಹಾಡಿನ ಡೆಮೊ ಈಗಾಗಲೇ ಇ-ಯಲ್ಲಿ ರೆಕಾರ್ಡ್ ಆಗಿದೆ. ಸಾಫ್ಟ್‌ವೇರ್‌ನಲ್ಲೇ ಒಂದು ಸ್ವರ ಇಳಿಸಿದರೆ ಆಗಲ್ವಾ? ಅಭ್ಯಾಸಕ್ಕೆ ಪಿಚ್ ಇಳಿಸುವ ಪೆಡಲ್ ಬಳಸಬಹುದಾ?

ಮೈಕ್ ಮುಂದೆ ನಾಲ್ಕು ಬೆರಳು ಉತ್ತರ:

ಪರೀಕ್ಷೆಗೆ ಆಗುತ್ತೆ, ಅಂತಿಮ ಮುದ್ರಣಕ್ಕೆ ಬೇಡ ಮಾರಾಯ್ರೆ. ಡೆಮೊದ ಗಿಟಾರ್, ಬೇಸ್ ಟ್ರ್ಯಾಕ್ ಮಾತ್ರ −1, −2, −3 ಅರ್ಧಸ್ವರಕ್ಕೆ ಇಳಿಸಿ ಮೂರು ಪ್ರತಿ ಮಾಡಿ. ಡ್ರಮ್ಸ್ ಮುಟ್ಟಬೇಡಿ, ಸಿಂಬಲ್ ತಗಡಾಗುತ್ತೆ. ಮೂರರ ಮೇಲೂ ಗಾಯಕ ಪೂರ್ತಿ ಹಾಡು ಹಾಡಲಿ, ಬರೀ ಪಲ್ಲವಿ ಅಲ್ಲ. ಮರುದಿನ ಕೇಳಿ ಆರಿಸಿ. ಶ್ರುತಿ ತೀರ್ಮಾನ ಆಗುವ ಮೊದಲು ಒಂದೂ ಅಂತಿಮ ಗಿಟಾರ್ ರೆಕಾರ್ಡ್ ಮಾಡಬೇಡಿ. ಪೆಡಲ್ ಅಭ್ಯಾಸಕ್ಕೆ ಓಕೆ. ಆದರೆ ಸಣ್ಣ ಕೋಣೆಯಲ್ಲಿ ತಂತಿಯ ಅಸಲಿ ಸದ್ದು ಇ-ಯಲ್ಲಿ, ಆಂಪ್ ಡಿ-ಯಲ್ಲಿ ಕೇಳಿಸಿ ಎಲ್ಲರ ಕಿವಿ ಕೆಡುತ್ತೆ. ಸದ್ದು ಜೋರಾಗಿರಲೇಬೇಕು.

ಬ್ಯಾರಿಟೋನ್ ದನಿ ರೆಕಾರ್ಡಿಂಗ್. ಹಳೇ ಗಾಯಕನಿಗೆ ಬಳಸಿದ ಮೈಕ್, ಹಳೇ ಸೆಟ್ಟಿಂಗ್ ಎರಡೂ ಮರೆತುಬಿಡಿ. ಎಸ್‌ಎಂ7ಬಿ ತರಹದ ಡೈನಮಿಕ್ ಮೈಕ್ ಚೆನ್ನಾಗಿ ಹೊಂದುತ್ತೆ, ಆದರೆ ಅದಕ್ಕೆ ಹತ್ತಿರಹತ್ತಿರ 60 ಡೆಸಿಬೆಲ್ ಗೇನ್ (ದನಿಯ ಸಂಕೇತವನ್ನು ಹಿಗ್ಗಿಸೋದು) ಬೇಕು, ಅಗ್ಗದ ಇಂಟರ್‌ಫೇಸ್‌ನಲ್ಲಿ ಸುಸ್ ಅನ್ನುತ್ತೆ. ತುಟಿಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ. ಇನ್ನೂ ಹತ್ತಿರ ಹೋದರೆ ತಗ್ಗಿನ ದನಿ ಉಬ್ಬುತ್ತೆ, ಗಾಯಕನಿಗೆ ಹೆಡ್‌ಫೋನಿನಲ್ಲಿ ಬಲು ಇಷ್ಟ ಆಗುತ್ತೆ, ಮಿಕ್ಸ್‌ನಲ್ಲಿ ಒಂದಕ್ಷರ ತಿಳಿಯಲ್ಲ. 80–100 ಹರ್ಟ್ಸ್ ಕೆಳಗೆ ಕತ್ತರಿಸಿ, 250ರ ಸುತ್ತ ಎರಡು ಮೂರು ಡೆಸಿಬೆಲ್ ತಗ್ಗಿಸಿ. ಟೆನರ್ ದನಿ ಗಿಟಾರ್‌ನ ಮೇಲಿಂದ ಹಾರಿ ಹೋಗುತ್ತಿತ್ತು, ಬ್ಯಾರಿಟೋನ್ ಗಿಟಾರ್‌ನ ಒಳಗೇ ಕೂರುತ್ತೆ. ಹಾಗಾಗಿ ಗಿಟಾರ್‌ಗಳಲ್ಲಿ 1.5ರಿಂದ 3 ಕಿಲೋಹರ್ಟ್ಸ್ ನಡುವೆ ಒಂದೆರಡು ಡೆಸಿಬೆಲ್ ಬಿಟ್ಟುಕೊಡಿ. ಗಿಟಾರಿಸ್ಟ್ ಒಪ್ಪಲ್ಲ. ಆದರೂ ಬಿಡಿಸಿ.

ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಹಾಡಿಸಬೇಡಿ, ಎತ್ತರದ ಹಾಡನ್ನು ಎರಡನೇ ಗಂಟೆಗೆ ಇಡಿ. ಕೂಗುವ ಭಾಗ ದಿನದ ಕೊನೆಗೆ.

ಇನ್ನು ಕನ್ನಡದ್ದೇ ಒಂದು ತೊಡಕು. ನಮ್ಮ ಪದಗಳು ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಅದರಲ್ಲೂ ಬಹಳಷ್ಟು ‘ಉ’. ರಾಕ್‌ನಲ್ಲಿ ಸಾಲಿನ ಕೊನೆಯನ್ನೇ ಎಳೆಯೋದು. ಎತ್ತರದಲ್ಲಿ ‘ಉ’ ಎಳೆದರೆ ತುಟಿ ಮುಚ್ಚುತ್ತೆ, ದನಿ ಸಣ್ಣಗಾಗುತ್ತೆ. ಟೆನರ್ ಹೇಗೋ ದಾಟಿಸಿದ್ದನ್ನು ಬ್ಯಾರಿಟೋನ್ ದಾಟಿಸಲಾರ. ‘ಕಾಡು’ ಅಂತ ಸಾಲು ಮುಗಿದರೆ ‘ಕಾ’ ಎಳೆದು ‘ಡು’ ಅನ್ನು ತಾಳದ ಮೇಲೆ ಕಚ್ಚಿ ಬಿಡಿ. ‘ನೀನು’ ಬದಲು ‘ನೀ’ ಆಗುತ್ತೆ, ಆದರೆ ‘ಈ’ ಎತ್ತರದಲ್ಲಿ ಚೂಪಾಗುತ್ತೆ, ‘ಬಾ’, ‘ಸಾಕಾ’ ತರಹ ‘ಆ’ ಬಂದರೆ ಅರ್ಧ ಕೆಲಸ ಮುಗೀತು. ಸಾಹಿತ್ಯ ತಿದ್ದೋದು ಟ್ಯೂನಿಂಗ್ ಇಳಿಸೋದಕ್ಕಿಂತ ಅಗ್ಗ.

ಮೂರನೇ ದನಿ ಉತ್ತರ:

ಎಲ್ಲರೂ ಒಬ್ಬ ಗಾಯಕನ ಲೆಕ್ಕದಲ್ಲೇ ಮಾತಾಡ್ತಿದ್ದೀರಿ, ಅದಕ್ಕೆ ನನ್ನ ತಕರಾರು. ಎತ್ತರದ ಭಾಗವನ್ನು ಹೊಸಬರೇ ಹಾಡಬೇಕು ಅಂತ ಎಲ್ಲಿದೆ?

ಡೀಪ್ ಪರ್ಪಲ್ ನೋಡಿ. ಇಯಾನ್ ಗಿಲ್ಲನ್ ಹೋದ ಮೇಲೆ ಡೇವಿಡ್ ಕವರ್ಡೇಲ್ ಬಂದರು, ತಗ್ಗಿನ ಬ್ಲೂಸ್ ದನಿ. ಜೊತೆಗೇ ಬೇಸ್ ನುಡಿಸುವ ಗ್ಲೆನ್ ಹ್ಯೂಸ್, ಎತ್ತರದ ದನಿ. 1974ರ ‘ಬರ್ನ್’ ಶೀರ್ಷಿಕೆ ಹಾಡಿನಲ್ಲಿ ಚರಣ ಕವರ್ಡೇಲ್‌ದು, ನಡುವೆ ದನಿ ಮೇಲೇರುವ ಭಾಗ ಹ್ಯೂಸ್‌ದು. ಒಂದೇ ಗಂಟಲಿಗೆ ಭಾರ ಹೊರಿಸಲಿಲ್ಲ. ಆಲಿಸ್ ಇನ್ ಚೇನ್ಸ್ ಹಿಂದಿನ ಆಲ್ಬಮ್ ಆಗಿ 14 ವರ್ಷದ ನಂತರ, 2009ರಲ್ಲಿ ‘ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ’ ತಂದಾಗ ಹೊಸ ಗಾಯಕ ವಿಲಿಯಂ ಡುವಾಲ್ ಅವರನ್ನು, ತೀರಿಕೊಂಡ ಹಿಂದಿನ ಗಾಯಕ ಲೇಯ್ನ್ ಸ್ಟೇಲಿಯ ಪ್ರತಿಯಾಗಿ ನಿಲ್ಲಿಸಲಿಲ್ಲ. ಗಿಟಾರಿಸ್ಟ್ ಜೆರ್ರಿ ಕ್ಯಾಂಟ್ರೆಲ್ ಹೆಚ್ಚಿನ ಕಡೆ ಮುಂದೆ ನಿಂತರು, ಡುವಾಲ್ ಜೋಡಿದನಿ ಕೊಟ್ಟರು. ಆ ಬ್ಯಾಂಡಿನ ಗುರುತು ಇದ್ದದ್ದೇ ಜೋಡಿದನಿಯಲ್ಲಿ, ಅದು ಉಳಿಯಿತು.

ಹಾಗಾಗಿ ಅರೆಸ್ವರ, ನಿಮ್ಮಲ್ಲಿ ಹಿಂದೆ ಹಾರ್ಮನಿ (ಜೋಡಿದನಿ) ಹಾಡುತ್ತಿದ್ದವರು ಯಾರು? ಟೆನರ್‌ನ ಕೆಳಗೆ ಮೂರನೇ ಸ್ವರ ಹಿಡಿಯುತ್ತಿದ್ದವರು ಈಗ ಬ್ಯಾರಿಟೋನ್‌ನ *ಮೇಲೆ* ಹೋಗಬೇಕು. ಅವರು ಅಭ್ಯಾಸ ಬಲದಿಂದ ಕೆಳಗೇ ಹಾಡಿದರೆ ಪಲ್ಲವಿ ಮಣ್ಣಾಗುತ್ತೆ. ರಾಗ ಹಾಗೇ ಇಟ್ಟು, ಮುಖ್ಯ ದನಿ ಕೆಳಗಿನ ಸಾಲು, ಹಾರ್ಮನಿಯವರು ಮೇಲಿನ ಸಾಲು ಅಂತ ಅದಲುಬದಲು ಮಾಡಿ ನೋಡಿ. ಒಂದೆರಡು ಹಾಡಿಗೆ ಶ್ರುತಿ ಇಳಿಸುವ ಕೆಲಸವೇ ಬರದಿರಬಹುದು.

ಹೊಸಬರು ಹೆಣ್ಣು ದನಿ ಆದರೆ ಲೆಕ್ಕ ಪೂರ್ತಿ ಬೇರೆ. ಗಂಡು ದನಿಯ ಹಾಡು ಸರಿಸೋಕೆ ಐದರಿಂದ ಏಳು ಅರ್ಧಸ್ವರ ಬೇಕಾಗುತ್ತೆ, ಅದು ತಂತಿ ಬಿಗಿ ಸಡಿಲ ಮಾಡಿ ಆಗುವಂಥದ್ದಲ್ಲ. ಹಿಂದಿನ ಗಾಯಕ ತುಂಬ ಎತ್ತರದಲ್ಲಿ ಹಾಡುವವನಾಗಿದ್ದರೆ ಮಾತ್ರ ಸ್ವಲ್ಪ ಸುಲಭ. 2024ರ ನವೆಂಬರ್‌ನಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಜೊತೆ ‘ಫ್ರಮ್ ಜೀರೋ’ ತಂದ ಲಿಂಕಿನ್ ಪಾರ್ಕ್‌ಗೆ ಆ ಅನುಕೂಲ ಇತ್ತು. ಹಿಂದಿನ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ಕೂಗುತ್ತಿದ್ದ ಎತ್ತರ ಹೆಣ್ಣು ದನಿಗೆ ಎಟುಕುವಂಥದ್ದೇ.

ಕಪ್ಪು ಎರಡು:

ಮೂರನೇ ದನಿ ಹೇಳಿದ್ದು ಸರಿ, ‘ಬರ್ನ್’ ನೆನಪಾಗಬೇಕಿತ್ತು. ಅದಕ್ಕೆ ಒಂದು ಬಾಲಂಗೋಚಿ: ‘ಬರ್ನ್’ನ ಎಂಜಿನಿಯರ್ ಮಾರ್ಟಿನ್ ಬರ್ಚ್. ‘ಹೆವನ್ ಅಂಡ್ ಹೆಲ್’ ನಿರ್ಮಾಪಕರೂ ಅವರೇ. ಮೇಡನ್‌ಗೆ ಪಾಲ್ ಡಿಯಾನೊ ಹೋಗಿ ಬ್ರೂಸ್ ಬಂದ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಕೂಡ ಅವರದೇ. ಅದರ ಶೀರ್ಷಿಕೆ ಹಾಡಿನ ಮೊದಲ ಕೆಲವು ಸಾಲುಗಳನ್ನೇ ಗಂಟೆಗಟ್ಟಲೆ ಹಾಡಿಸಿ ಬ್ರೂಸ್‌ಗೆ ರೇಗಿಸಿದ್ದನ್ನು ಬ್ರೂಸ್ ತಾವೇ ಹೇಳಿದ್ದಾರೆ. ಬರ್ಚ್ 1992ರ ‘ಫಿಯರ್ ಆಫ್ ದ ಡಾರ್ಕ್’ ನಂತರ ನಿವೃತ್ತರಾದರು. ಅಂದರೆ ಬ್ಲೇಜ್ ಬಂದಾಗ, ಬ್ಯಾಂಡಿನ ಹೊರಗೆ ನಿಂತು ‘ಈ ಸಾಲು ಈ ಗಂಟಲಿಗಲ್ಲ’ ಅನ್ನೋ ಅವರು ಇರಲಿಲ್ಲ. ಅರೆಸ್ವರ ಕೇಳಿದ ಮೊದಲ ಪ್ರಶ್ನೆಗೆ ನನ್ನ ಪಾಲಿನ ಉತ್ತರದಲ್ಲಿ ಟ್ಯೂನಿಂಗ್‌ಗಿಂತ ಇದಕ್ಕೇ ಹೆಚ್ಚು ತೂಕ.

ಇನ್ನೊಂದು ಒಣ ವಿಷಯ. ಹೊಸ ಗಾಯಕರು ಹಿಂದೆ ಬೇರೆ ಒಪ್ಪಂದದಲ್ಲಿದ್ದರಾ ಅಂತ ರೆಕಾರ್ಡಿಂಗ್‌ಗೆ ಮೊದಲೇ ಕೇಳಿ. 1982ರ ಆ ಆಲ್ಬಮ್‌ನಲ್ಲಿ ಬ್ರೂಸ್ ಹೆಸರು ರಚನಕಾರರ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವರ ಹಿಂದಿನ ಬ್ಯಾಂಡ್ ಸ್ಯಾಮ್ಸನ್ ಕಾಲದ ಒಪ್ಪಂದದ ತೊಡಕೇ ಕಾರಣ. ರಾಗ ತಿದ್ದಿದವರಿಗೆ ಎಷ್ಟು ಪಾಲು, ಸಾಹಿತ್ಯ ತಿದ್ದಿದವರಿಗೆ ಎಷ್ಟು ಅನ್ನೋದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ, ಆಮೇಲೆ ಮೈಕ್ ಆನ್ ಮಾಡಿ.

ಅರೆಸ್ವರ:

ಹಾರ್ಮನಿ ಹಾಡೋದು ಬೇಸ್ ನುಡಿಸುವವರು, ಎತ್ತರದ ದನಿಯೇ. ಹಾಗಾದರೆ ಮೊದಲು ಅದಲುಬದಲು, ಆಮೇಲೆ −1ರ ಪರೀಕ್ಷೆ. 11ರ ಸೆಟ್ ಸದ್ಯಕ್ಕೆ ಒಂದೇ ತರಿಸ್ತೇನೆ.

ಆರನೇ ತಂತಿ:

ಎರಡು ತರಿಸಿ. ಹೊಸ ನಟ್ ಸೀಳಿನಲ್ಲಿ ಮೊದಲ ಸೆಟ್‌ನ ಮೂರನೇ ತಂತಿ ಹರಿಯದೆ ಇರಲ್ಲ.