ಇಟಲಿಗೆ ಹೊರಟ ಸಸ್ಯಾಹಾರಿ ದಂಪತಿಗೆ: ಏನು ನೋಡಬೇಕು, ಏನು ತಿನ್ನಬಹುದು?

ಪ್ರಶ್ನೆ

ಬರುವ ಅಕ್ಟೋಬರ್‌ನಲ್ಲಿ ನಾನು ಮತ್ತು ನನ್ನ ಪತ್ನಿ ಹತ್ತು ದಿನಗಳ ಮಟ್ಟಿಗೆ ಇಟಲಿಗೆ ಹೋಗಬೇಕೆಂದಿದ್ದೇವೆ. ರೋಮ್, ನೇಪಲ್ಸ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಎಲ್ಲವೂ ಪಟ್ಟಿಯಲ್ಲಿವೆ. ಇಬ್ಬರೂ ಸಸ್ಯಾಹಾರಿಗಳು, ಪತ್ನಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ತೊಂದರೆಯಾಗುತ್ತದೆಯೇ, ಪ್ರತಿದಿನ ಭಾರತೀಯ ಹೋಟೆಲ್ ಹುಡುಕಬೇಕಾಗುತ್ತದೆಯೇ, ಯಾವ ಊರನ್ನು ಬಿಟ್ಟರೆ ನಷ್ಟವಿಲ್ಲ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಊರುಗಳ ಪಟ್ಟಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಊಟದ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿ. ಒಂದೊಂದು ಊರಿನಲ್ಲಿ ಒಂದೊಂದೇ ರಾತ್ರಿ ತಂಗುವವರು ರೈಲು ನಿಲ್ದಾಣದ ಮಗ್ಗುಲಲ್ಲೋ ಪ್ರಸಿದ್ಧ ಸ್ಮಾರಕದ ಎದುರಿನಲ್ಲೋ ಸಿಕ್ಕಿದ್ದನ್ನು ತಿಂದು ಮುಂದೆ ಸಾಗಬೇಕಾಗುತ್ತದೆ. ಮೂರು ನಾಲ್ಕು ರಾತ್ರಿ ಒಂದೇ ಕಡೆ ಇದ್ದರೆ ನಿಮಗೆ ಒಗ್ಗುವ ಒಂದು ಸಣ್ಣ ಊಟದ ಮನೆ ಗೊತ್ತಾಗುತ್ತದೆ, ಎರಡನೆಯ ಸಲ ಹೋದಾಗ ಅಲ್ಲಿಯವರು ಗುರುತು ಹಿಡಿದು ನಿಮಗೆ ಆಗದ್ದನ್ನು ತಾವಾಗಿಯೇ ಬಿಟ್ಟು ಬಡಿಸುತ್ತಾರೆ. ಆದ್ದರಿಂದ ರೋಮ್‌ಗೆ ನಾಲ್ಕು ರಾತ್ರಿ, ಫ್ಲಾರೆನ್ಸ್‌ಗೆ ಮೂರು, ಉಳಿದದ್ದು ಇನ್ನೊಂದೇ ಊರಿಗೆ ಎಂದು ಇಟ್ಟುಕೊಳ್ಳಿ. ಮಿಲಾನ್ ಬಿಟ್ಟರೆ ಈ ಪ್ರವಾಸಕ್ಕೆ ನಷ್ಟವಿಲ್ಲ. ಪೀಸಾ ಫ್ಲಾರೆನ್ಸ್‌ನಿಂದ ಸಾಮಾನ್ಯ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅರ್ಧ ದಿನ ಸಾಕು.

ನಮ್ಮ ಯಜಮಾನರಿಗೆ ಕಟ್ಟಡಗಳಲ್ಲಿ ಆಸಕ್ತಿ, ನನಗೆ ಚಿತ್ರಗಳಲ್ಲಿ. ಇಬ್ಬರಿಗೂ ಹೊಂದಿದ ಕ್ರಮವೆಂದರೆ ಟಿಕೆಟ್ ಕಾಯ್ದಿರಿಸಬೇಕಾದ ದೊಡ್ಡ ಸ್ಥಳ ದಿನಕ್ಕೆ ಒಂದೇ, ಅದೂ ಬೆಳಿಗ್ಗೆಯೇ. ಉಳಿದ ಹೊತ್ತೆಲ್ಲ ಕಾಲ್ನಡಿಗೆ. ಕೊಲೋಸಿಯಂಗೆ ಸಮಯ ನಮೂದಿಸಿದ ಟಿಕೆಟ್ ಬೇಕು, ಅದರಲ್ಲಿಯೇ ಪಕ್ಕದ ರೋಮನ್ ಫೋರಮ್ ಮತ್ತು ಪಾಲಟೈನ್ ಗುಡ್ಡದ ಪ್ರವೇಶವೂ ಸೇರಿರುತ್ತದೆ. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದಿರುತ್ತದೆ, ಆದರೆ ಆ ದಿನದ ನೂಕುನುಗ್ಗಲಿನಲ್ಲಿ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಚಿತ್ರಿಸಿದ ಸಿಸ್ಟೀನ್ ಪ್ರಾರ್ಥನಾಮಂದಿರದ ಛಾವಣಿಯನ್ನು ನೆಮ್ಮದಿಯಿಂದ ನೋಡಲಾಗದು. ಅಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಬೊರ್ಗೇಸೆ ಗ್ಯಾಲರಿಯಲ್ಲಿ ಎರಡು ಗಂಟೆಗಳ ಅವಧಿಗೆ ಸೀಮಿತ ಸಂಖ್ಯೆಯ ಜನರನ್ನಷ್ಟೇ ಬಿಡುವುದರಿಂದ ಬರ್ನಿನಿಯ ಅಪೋಲೊ–ಡಾಫ್ನೆ ಶಿಲ್ಪದ ಸುತ್ತ ನಿಧಾನವಾಗಿ ನಡೆಯಲು ಸಾಧ್ಯವಾಗುತ್ತದೆ. ಓಡುವ ಹೆಣ್ಣಿನ ಬೆರಳ ತುದಿಗಳು ಎಲೆಗಳಾಗುತ್ತಿರುವ ಆ ಅಮೃತಶಿಲೆಯನ್ನು ಕಂಡ ಮೇಲೆ ಇಡೀ ರೋಮ್‌ನಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಯಜಮಾನರ ಆಯ್ಕೆ ಪ್ಯಾಂಥಿಯನ್ ಎಂಬ ಪ್ರಾಚೀನ ರೋಮನ್ ದೇಗುಲ. ಕಬ್ಬಿಣದ ಆಧಾರವಿಲ್ಲದ ಆ ಕಾಂಕ್ರೀಟ್ ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ನಡುವಿನ ತೆರೆದ ರಂಧ್ರದಿಂದ ಮಳೆ ನೇರವಾಗಿ ಒಳಗೆ ಬೀಳುತ್ತದೆ, ನೆಲದಲ್ಲಿ ಕೊರೆದ ಸಣ್ಣ ತೂತುಗಳ ಮೂಲಕ ನೀರು ಹರಿದುಹೋಗುತ್ತದೆ. 2023ರಿಂದ ಪ್ರವಾಸಿಗರಿಗೆ ಅಲ್ಲಿ ಪ್ರವೇಶ ಶುಲ್ಕವಿದೆ. ಶುಲ್ಕವಿಲ್ಲದೆ ನೋಡಬಹುದಾದ ಶ್ರೇಷ್ಠ ಚಿತ್ರಗಳೂ ಹತ್ತಿರದಲ್ಲೇ ಇವೆ: ಸಾನ್ ಲುಯಿಜಿ ದೇಯ್ ಫ್ರಾಂಚೇಜಿ ಎಂಬ ಚರ್ಚಿನಲ್ಲಿ ಕಾರವಾಜ್ಜೊ ಚಿತ್ರಿಸಿದ ಸಂತ ಮ್ಯಾಥ್ಯೂನ ಮೂರು ಚಿತ್ರಗಳು. ಮಧ್ಯಾಹ್ನ ಅನೇಕ ಚರ್ಚುಗಳು ಎರಡು ಮೂರು ಗಂಟೆ ಮುಚ್ಚಿರುತ್ತವೆ ಎಂಬುದು ನೆನಪಿರಲಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುವುದರಿಂದ ಆಮೇಲೆ ಬೇಗ ಕತ್ತಲಾಗುತ್ತದೆ. ಬಯಲಿನ ಸ್ಮಾರಕಗಳೂ ಬೇಗ ಮುಚ್ಚುತ್ತವೆ.

ಇನ್ನು ಊಟದ ವಿಷಯ. ಭಾರತೀಯ ಹೋಟೆಲ್ ಹುಡುಕುವ ಅಗತ್ಯ ನಮಗೆ ಬೀಳಲಿಲ್ಲ, ನಿಮಗೂ ಬೀಳಬಾರದು ಎಂಬುದು ನನ್ನ ಆಸೆ. ಆದರೆ ಮಾಂಸ ಕಾಣಿಸದ ತಟ್ಟೆಯೆಲ್ಲ ಸಸ್ಯಾಹಾರವೆಂದು ಭಾವಿಸಬೇಡಿ. ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ, ಪೆಕೊರೀನೊ ರೊಮಾನೊ ಈ ಮೂರು ಚೀಸ್‌ಗಳಲ್ಲೂ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ ಕಿಣ್ವವನ್ನು ಬಳಸುತ್ತಾರೆ. ಮೆಣಸು ಮತ್ತು ಪೆಕೊರೀನೊ ಮಾತ್ರ ಹಾಕಿ ಮಾಡುವ ರೋಮ್‌ನ ಕಾಚೊ ಎ ಪೆಪೆ ಪಾಸ್ತಾ, ತುಳಸಿಯ ಜಾತಿಯ ಸೊಪ್ಪಿನ ಪೆಸ್ಟೊ ಸಾಸ್ ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಎಷ್ಟರ ಮಟ್ಟಿಗೆ ಪಾಲಿಸುತ್ತೀರಿ ಎಂಬುದನ್ನು ನೀವಿಬ್ಬರೂ ಹೊರಡುವ ಮೊದಲೇ ಮಾತನಾಡಿ ನಿರ್ಧರಿಸಿದರೆ ಒಳ್ಳೆಯದು, ಹಸಿದು ಕುಳಿತಾಗ ಆ ಚರ್ಚೆ ಕಷ್ಟ. ತರಕಾರಿ ಸೂಪ್ ಮತ್ತು ರಿಸೊಟ್ಟೊ ಎಂಬ ಅನ್ನದ ಖಾದ್ಯಗಳಿಗೆ ಮಾಂಸ ಬೇಯಿಸಿದ ನೀರು ಹಾಕುವುದುಂಟು. ಕುಂಬಳ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು ನೋಡಲು ಬಹಳ ಚಂದ, ಆದರೆ ರೋಮ್‌ನಲ್ಲಿ ಅದರೊಳಗೆ ಮೊಜರೆಲ್ಲಾದ ಜೊತೆ ಆಂಚೊವಿ ಮೀನಿನ ತುಂಡು ಇಡುತ್ತಾರೆ. ಸಿಹಿಗಳಲ್ಲಿ, ಪಾನ್ನಾ ಕೊತ್ತಾದಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್, ತಿರಾಮಿಸುವಿನಲ್ಲಿ ಮೊಟ್ಟೆ.

ನಿಮ್ಮ ಪತ್ನಿಯವರಿಗೆ ಸಮಾಧಾನದ ಸಂಗತಿ ಎಂದರೆ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರಿನದ್ದು. ಮೊಟ್ಟೆ ಬೆರೆಯುವುದು ಹೆಚ್ಚಾಗಿ ಕೈಯಲ್ಲಿ ಮಾಡಿದ ತಾಜಾ ಪಾಸ್ತಾಕ್ಕೆ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ ಇಷ್ಟೇ ಇರುವ ಸ್ಪಗೆಟ್ಟಿ ಆಲ್ಯೊ ಎ ಒಲ್ಯೊ, ಖಾರದ ಟೊಮೆಟೊ ಸಾಸಿನ ಪೆನ್ನೆ ಅರಾಬಿಯಾತಾ (ಮೇಲೆ ಚೀಸ್ ಬೇಡವೆಂದು ಹೇಳಿ), ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರವಿರುವ ಪಿಜ್ಜಾ ಮರಿನಾರಾ ಇವು ಮೂರೂ ಮೊಟ್ಟೆ, ಹಾಲು ಎರಡೂ ಇಲ್ಲದವು. ಬದಿಗೆ ತರಿಸುವ ತರಕಾರಿಗಳ ಪಟ್ಟಿಯನ್ನು ಕಡೆಗಣಿಸಬೇಡಿ. ರೋಮ್‌ನಲ್ಲಿ ಚಿಕೋರಿಯಾ ಎಂಬ ಕಹಿ ಸೊಪ್ಪನ್ನು ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿಯ ಜೊತೆ ಬಾಡಿಸಿ ಕೊಡುತ್ತಾರೆ, ಬಾಯಿ ರುಚಿ ಕೆಟ್ಟ ದಿನ ಅದೊಂದೇ ನಮ್ಮನ್ನು ಕಾಪಾಡಿತು. ಪೀಸಾಕ್ಕೆ ಹೋದರೆ ಗೋಪುರಕ್ಕಿಂತ ಮೊದಲು ಚೆಚೀನಾ ತಿನ್ನಿ: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲ ತಟ್ಟೆಯಲ್ಲಿ ಒಲೆಯೊಳಗಿಟ್ಟು ಬೇಯಿಸಿದ ಅದು ನಮ್ಮ ದಪ್ಪ ಕಡಲೆಹಿಟ್ಟಿನ ದೋಸೆಯ ಒಡಹುಟ್ಟಿದಂತಿದೆ. ಫ್ಲಾರೆನ್ಸ್‌ನಲ್ಲಿ ಹಳೆಯ ಬ್ರೆಡ್ಡು, ಬಿಳಿ ಕಾಳು, ಕಪ್ಪೆಲೆಯ ಕೋಸು ಸೇರಿಸಿ ಕುದಿಸುವ ರಿಬೊಲ್ಲೀತಾ ಅಕ್ಟೋಬರ್‌ನ ತಂಪಿಗೆ ಹೇಳಿಮಾಡಿಸಿದ ಊಟ. ಮಾಂಸದ ನೀರು ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲ್ಲಿಯ ಬ್ರೆಡ್ಡಿಗೆ ಸಂಪ್ರದಾಯವಾಗಿಯೇ ಉಪ್ಪು ಹಾಕುವುದಿಲ್ಲ, ಮೊದಲ ತುತ್ತಿಗೆ ಬೇಸರಪಡದೆ ಸಾರಿನಲ್ಲಿ ಅದ್ದಿ ತಿನ್ನಿ. ಅದು ಪೊರ್ಚೀನಿ ಅಣಬೆಯ ಕಾಲವೂ ಹೌದು.

ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಸೇರಿಸಿದ್ದರೆ ಅದು ಮೇಜಿನ ಶುಲ್ಕ, ಮೋಸವಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಕುಳಿತು ಕುಡಿಯುವುದಕ್ಕಿಂತ ಅಗ್ಗ. ರಾತ್ರಿಯ ಊಟ ಏಳೂವರೆಗೆ ಮೊದಲು ಸಿಗುವುದು ಅಪರೂಪವಾದ್ದರಿಂದ ಸಂಜೆಗೆ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಆಲೂಗಡ್ಡೆ ಪಿಜ್ಜಾ ತಿನ್ನಿ.

ಫ್ಲಾರೆನ್ಸ್‌ನಲ್ಲಿ ಉಫೀಜಿ ಚಿತ್ರಶಾಲೆ ಮತ್ತು ಮೈಕೆಲಾಂಜೆಲೊನ ಡೇವಿಡ್ ಶಿಲ್ಪವಿರುವ ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ಅಲ್ಲಿಯ ಮುಖ್ಯ ಚರ್ಚಿಗೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟಕ್ಕೆ 463 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಮಂಡಿನೋವಿರುವವರು ಕೆಳಗಿನಿಂದಲೇ ನೋಡಿ ಆನಂದಿಸಬಹುದು.

ಎರಡನೆಯ ಉತ್ತರ

ಮೇಲಿನವರು ಮೂರನೆಯ ಊರನ್ನು ನಿಮ್ಮ ಆಯ್ಕೆಗೆ ಬಿಟ್ಟಿದ್ದಾರೆ. ಅದು ವೆನಿಸ್ ಆಗಲಿ ಎಂದು ನಾನು ಒತ್ತಿ ಹೇಳುತ್ತೇನೆ, ಆದರೆ ಅಲ್ಲಿ ರಾತ್ರಿ ತಂಗುವುದಾದರೆ ಮಾತ್ರ. ಹಗಲಿನ ಗುಂಪು ಸಂಜೆಯ ರೈಲಿಗೆ ಹೊರಟುಹೋದ ಮೇಲೆ ನಾವಿಬ್ಬರೂ ಕಾಲುವೆಗಳ ಪಕ್ಕದಲ್ಲಿ ಗುರಿಯಿಲ್ಲದೆ ನಡೆದದ್ದೇ ನಮ್ಮ ಪ್ರವಾಸದ ಅತ್ಯುತ್ತಮ ಭಾಗ. ಗೊಂಡೊಲಾಗೆ ಅರ್ಧ ಗಂಟೆಗೆ ನಿಗದಿತ ದರವೇ 90 ಯೂರೋ. ಅದರ ಬದಲು ಒಂದನೆಯ ಸಂಖ್ಯೆಯ ದೋಣಿ ಬಸ್ಸಿನಲ್ಲಿ ಗ್ರ್ಯಾಂಡ್ ಕೆನಾಲಿನ ಉದ್ದಕ್ಕೂ ಸಾಗಿದರೆ ಅದೇ ಅರಮನೆಗಳನ್ನು ನಿಧಾನವಾಗಿ ನೋಡಬಹುದು. ಸಂತ ಮಾರ್ಕನ ಬಸಿಲಿಕಾದ ಚಿನ್ನದ ಮೊಸಾಯಿಕ್‌ಗಳನ್ನು ಎಲ್ಲರೂ ನೋಡುತ್ತಾರೆ. ಸ್ಕುವೊಲಾ ದಿ ಸಾನ್ ರೊಕ್ಕೊದಲ್ಲಿ ತಿಂತೊರೆತ್ತೊ 1564ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಚಿತ್ರಿಸಿ ತುಂಬಿಸಿದ ಸಭಾಂಗಣಗಳನ್ನು ಮಾತ್ರ ಬಹಳ ಜನ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಅಕ್ಟೋಬರ್ ನೀರೇರುವ ಕಾಲದ ಆರಂಭ, ಆದರೆ 2020ರಿಂದ ಸಮುದ್ರದ ಬಾಯಲ್ಲಿ ಮೋಸೆ ಎಂಬ ಏರಿಳಿಯುವ ತಡೆಗೋಡೆ ಕೆಲಸ ಮಾಡುತ್ತಿರುವುದರಿಂದ ಹಿಂದಿನಷ್ಟು ಆತಂಕವಿಲ್ಲ.

ಊಟದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ವೆನಿಸ್‌ನದ್ದು ಮೀನಿನ ಅಡುಗೆ. ಸಣ್ಣ ಅಂಗಡಿಗಳಲ್ಲಿ ಬ್ರೆಡ್ಡಿನ ಮೇಲೆ ಬಗೆಬಗೆಯ ತಿಂಡಿ ಹಚ್ಚಿ ಜೋಡಿಸಿಟ್ಟಿರುತ್ತಾರೆ. ಅವುಗಳಲ್ಲಿ ಕೆನೆಯಂತೆ ಬೆಳ್ಳಗೆ ಕಾಣುವುದು ಬಹುತೇಕ ಚೀಸ್ ಅಲ್ಲ, ನಯವಾಗಿ ಕಡೆದ ಒಣಮೀನು. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ, ಸುಟ್ಟ ರದಿಕ್ಕಿಯೊ ಎಲೆ, ಸಿಹಿಗುಂಬಳದ ಖಾದ್ಯಗಳನ್ನು ಕೇಳಿ. “ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ” (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಎರಡನ್ನೂ ಹೇಳುವುದು ಅಗತ್ಯ.

ಮೂರನೆಯ ಉತ್ತರ

ನನ್ನ ಅಭಿಪ್ರಾಯ ಬೇರೆ. ವೆನಿಸ್‌ಗೆ ಇನ್ನೊಮ್ಮೆ ಹೋಗಿ, ಈ ಸಲ ನೇಪಲ್ಸ್ ನೋಡಿ. ರೋಮ್‌ನಿಂದ ವೇಗದ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಪೊಂಪೇಯ್. ಆ ಸ್ಥಳೀಯ ರೈಲಿನಲ್ಲಿ ಜನ ಕಿಕ್ಕಿರಿದಿರುತ್ತಾರೆ, ಪರ್ಸನ್ನು ಮುಂದಿನ ಜೇಬಿನಲ್ಲಿಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಆ ಊರಿನಲ್ಲಿ ಬೇಕರಿಗಳ ಬೀಸುವ ಕಲ್ಲುಗಳು ಇಂದಿಗೂ ನಿಂತಿವೆ, ಅಂದು ಒಲೆಯಲ್ಲೇ ಕರಿಕಾದ ಬ್ರೆಡ್ಡುಗಳು ನೇಪಲ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ.

ಆ ಸಂಗ್ರಹಾಲಯದಲ್ಲಿ ನಮ್ಮವರೆಲ್ಲ ನೋಡಬೇಕಾದ ಇನ್ನೊಂದು ವಸ್ತುವಿದೆ. 1938ರಲ್ಲಿ ಪೊಂಪೇಯ್‌ನ ಒಂದು ಮನೆಯಲ್ಲಿ ಭಾರತದಿಂದ ಬಂದ ದಂತದ ಸ್ತ್ರೀಮೂರ್ತಿ ಸಿಕ್ಕಿತು. ಲಕ್ಷ್ಮಿ ಎಂದೇ ಅದು ಪ್ರಸಿದ್ಧವಾದರೂ ಯಕ್ಷಿಯಿರಬೇಕೆಂದು ಹೇಳುವ ವಿದ್ವಾಂಸರಿದ್ದಾರೆ. ಇದನ್ನು ಹೋಲುವ ಮೂರ್ತಿಗಳು ಶಾತವಾಹನರ ನಾಡಾದ ಮಹಾರಾಷ್ಟ್ರದ ಭೋಕರ್ದನ್ ಮತ್ತು ತೇರ್‌ಗಳಲ್ಲಿ ದೊರೆತಿವೆ, ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಆ ಗೇಣುದ್ದದ ಮೂರ್ತಿಯ ಮುಂದೆ ನಾನು ಮತ್ತು ನನ್ನ ಪತ್ನಿ ಕೊಲೋಸಿಯಂಗಿಂತ ಹೆಚ್ಚು ಹೊತ್ತು ನಿಂತೆವು.

ಪಿಜ್ಜಾದ ಬಗ್ಗೆ ಹೇಳಬೇಕಾದ್ದಿಲ್ಲ, ಅದರ ತವರೇ ಅದು. ಫ್ರಿಯಾರಿಯೆಲ್ಲಿ ಎಂಬ ಕಹಿ ಸೊಪ್ಪು, ಬದನೆಕಾಯಿಯ ಪಾರ್ಮಿಜಾನಾ ಎರಡನ್ನೂ ಬಿಡಬೇಡಿ. ಎರಡನೆಯದರಲ್ಲಿ ಮೇಲೆ ಹೇಳಿದ ಚೀಸ್ ಇರುತ್ತದೆ. ಬೀದಿಯಲ್ಲಿ ಸಿಗುವ ಬಾದಾಮಿ–ಮೆಣಸಿನ ‘ತರಾಲ್ಲಿ’ ಎಂಬ ಬಳೆಯಾಕಾರದ ತಿಂಡಿ ಮತ್ತು ಪದರುಪದರಾದ ಸ್ಫೊಲ್ಯಾತೆಲ್ಲಾ ಎಂಬ ಸಿಹಿತಿಂಡಿಯ ಹಿಟ್ಟಿಗೆ ಸಂಪ್ರದಾಯದಂತೆ ಹಂದಿಯ ಕೊಬ್ಬು ಸೇರಿಸುತ್ತಾರೆ, ಕೇಳದೆ ಕೊಳ್ಳಬೇಡಿ. ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಆ ಮೂರ್ತಿ ಇರುವುದು ರಹಸ್ಯ ಕೊಠಡಿ ಎಂದು ಕರೆಯುವ ವಿಭಾಗದಲ್ಲಿ. ಒಳಗೆ ಹೋದ ಕೂಡಲೇ ಆ ಕೊಠಡಿ ಅಂದು ತೆರೆದಿದೆಯೇ ಎಂದು ವಿಚಾರಿಸಿ, ಆಮೇಲೆ ಉಳಿದದ್ದನ್ನು ನೋಡಲು ಹೊರಡಿ.