ಅಪ್ಪ ಅಮ್ಮ ದೆಹಲಿಗೆ ಬರುತ್ತಿದ್ದಾರೆ, ನನಗೆ ರಜೆ ಇಲ್ಲ. ಏನೇನು ತೋರಿಸಲಿ?

ತಿಪಟೂರಿನವಳು:
ನಾನು ಇಲ್ಲಿ ಒಂದು ಸಚಿವಾಲಯದಲ್ಲಿ ಎಎಸ್‌ಓ, ಅಂದರೆ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್. ಫೆಬ್ರವರಿ ಮೊದಲ ವಾರ ಅಪ್ಪ ಅಮ್ಮ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಿದ್ದಾರೆ. ಎಂಟು ದಿನ ಇರುತ್ತಾರೆ. ಟಿಕೆಟ್ ಮಾಡಿಸಿದ ಮೇಲೆ ನೋಡಿದರೆ ಅದು ಸರಿಯಾಗಿ ಬಜೆಟ್ ಅಧಿವೇಶನದ ಹೊತ್ತು. ನಮ್ಮ ವಿಭಾಗಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಸಂಸತ್ತಿನಲ್ಲಿ ಮಂತ್ರಿಗಳು ಬಾಯಲ್ಲೇ ಉತ್ತರ ಹೇಳಬೇಕಾದದ್ದು) ಬಂದರೆ ರಾತ್ರಿ ಎಂಟಾದರೂ ಏಳುವ ಹಾಗಿಲ್ಲ. ರಜೆ ಕೇಳುವ ಮಾತೇ ಇಲ್ಲ. ಒಂದು ಶನಿವಾರ, ಒಂದು ಭಾನುವಾರ ಮಾತ್ರ ನನ್ನ ಕೈಯಲ್ಲಿದೆ.

ಇಬ್ಬರೂ ದೆಹಲಿ ನೋಡಿಲ್ಲ. ಅಮ್ಮನಿಗೆ ಮಂಡಿ ನೋವು. ಹಿಂದಿ ಇಬ್ಬರಿಗೂ ಬರುವುದಿಲ್ಲ. ಅಪ್ಪ ಗ್ರಾಮ ಲೆಕ್ಕಿಗರಾಗಿದ್ದು ನಿವೃತ್ತಿ ಆದವರು. ಇಂಥದ್ದೇ ನೋಡಬೇಕು ಅಂತ ಏನೂ ಹೇಳಿಲ್ಲ. ಫೋನ್‌ನಲ್ಲಿ ಕೇಳಿದ್ದು ಒಂದೇ ಮಾತು: "ನೀನು ಕೂರೋ ಜಾಗ ತೋರಿಸ್ತೀಯೇನಮ್ಮ?" ಅದಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನೋಡೋಣ ಅಪ್ಪ ಅಂದೆ.

ಇಲ್ಲೇ ಕೆಲಸ ಮಾಡುತ್ತಾ ಮನೆಯವರನ್ನು ಸುತ್ತಾಡಿಸಿದವರು ದಯವಿಟ್ಟು ಹೇಳಿ.

ಆರ್.ಕೆ. ಪುರಂ ಸಿಂಧು:
ಮೊದಲು ಸೋಮವಾರದ ಲೆಕ್ಕ ಹಾಕಿಕೊಳ್ಳಿ. ಕೆಂಪು ಕೋಟೆ, ಲೋಟಸ್ ಟೆಂಪಲ್, ಅಕ್ಷರಧಾಮ, ನ್ಯಾಷನಲ್ ಮ್ಯೂಸಿಯಂ, ಎಲ್ಲಾ ಅವತ್ತು ಮುಚ್ಚಿರುತ್ತವೆ. ನಮ್ಮ ಅತ್ತೆ ಮಾವನನ್ನು ಸೋಮವಾರ ಬಿಸಿಲಲ್ಲಿ ಲೋಟಸ್ ಟೆಂಪಲ್ ಗೇಟಿನ ತನಕ ಕರೆದುಕೊಂಡು ಹೋಗಿ ವಾಪಸ್ ಬಂದಿದ್ದೇನೆ. ಕುತುಬ್ ಮಿನಾರ್ ಸೋಮವಾರವೂ ತೆರೆದಿರುತ್ತೆ. ಹತ್ತಬೇಕಾಗಿಲ್ಲ, ಒಳಗೆ ಬಿಡುವುದೂ ಇಲ್ಲ. 73 ಮೀಟರ್ ಎತ್ತರವನ್ನು ಕೆಳಗೆ ನಿಂತೇ ನೋಡಬೇಕು. ಅಮ್ಮನ ಮಂಡಿಗೆ ಒಳ್ಳೆಯದು.

ಶನಿವಾರ ಬೆಳಿಗ್ಗೆ ರಾಷ್ಟ್ರಪತಿ ಭವನದ ಮುಂದೆ ಗಾರ್ಡ್ ಬದಲಾಗುವ ಕಾರ್ಯಕ್ರಮ ಇರುತ್ತೆ. ಕುದುರೆ, ಬ್ಯಾಂಡು, ಎಲ್ಲಾ. ಫೆಬ್ರವರಿಯಲ್ಲಿ ಭವನದ ಹೂದೋಟ ಅಮೃತ ಉದ್ಯಾನವೂ ತೆರೆದಿರುತ್ತೆ, ಟಿಕೆಟ್ ಇಲ್ಲ. ಎರಡಕ್ಕೂ ಆನ್‌ಲೈನ್‌ನಲ್ಲಿ ಈಗಲೇ ಬುಕ್ ಮಾಡಿ. ಶನಿವಾರ ಭಾನುವಾರದ ಜಾಗ ಬೇಗ ಮುಗಿಯುತ್ತೆ.

ಇನ್ನೊಂದು. ಅಧಿವೇಶನದ ಮೊದಲ ಭಾಗ ಸಾಮಾನ್ಯವಾಗಿ ಫೆಬ್ರವರಿ ಮಧ್ಯಕ್ಕೆ ಮುಗಿದು ಕೆಲವು ವಾರ ಬಿಡುವು ಸಿಗುತ್ತೆ. ಮುಂದಿನ ಸಲ ಆಗ ಕರೆಸಿ.

ಹಳೇ ಸೆಕ್ಷನ್ ಆಫೀಸರ್:
ಅಪ್ಪ ಕೇಳಿದ್ದನ್ನೇ ಮೊದಲು ಮಾಡಿ, ಮಿಕ್ಕಿದ್ದು ಆಮೇಲೆ. ಇಂಡಿಯಾ ಗೇಟ್ ಎಲ್ಲಿಗೂ ಹೋಗುವುದಿಲ್ಲ. ನಮ್ಮ ತಂದೆಯೂ ಕೇಳಿದ್ದರು. ಕೆಲಸ ಇದೆ, ಮುಂದಿನ ಸಲ ನೋಡೋಣ ಅಂದೆ. ಮುಂದಿನ ಸಲ ಬರಲೇ ಇಲ್ಲ.

ಇದೇನು ಕಷ್ಟದ ಕೆಲಸ ಅಲ್ಲ. ನಿಮ್ಮ ಮೇಲಿನವರಿಗೆ ಒಂದು ಮಾತು ಹೇಳಿ. ರಿಸೆಪ್ಶನ್‌ನಲ್ಲಿ ವಿಸಿಟರ್ ಪಾಸ್ ಮಾಡಿಸಿ. ಇಬ್ಬರ ಆಧಾರ್ ಕಾರ್ಡೂ ಜೊತೆಗಿರಲಿ. ಊಟದ ಹೊತ್ತಿಗೆ ಕರೆಸಿಕೊಳ್ಳಿ, ಅರ್ಧ ಗಂಟೆ ಸಾಕು.

ಕನ್ನಡಿಗ ಎಲ್‌ಡಿಸಿ:
ವಾರದ ದಿನ ಅವರಿಬ್ಬರೇ ಹೋಗಿಬರಲು ನ್ಯಾಷನಲ್ ಮ್ಯೂಸಿಯಂ ಒಳ್ಳೆಯದು. ಹತ್ತಿರದ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ನಿಮ್ಮ ವಿಳಾಸ, ಫೋನ್ ನಂಬರ್, ಇಳಿಯಬೇಕಾದ ಸ್ಟೇಷನ್ ಹೆಸರು ಹಿಂದಿಯಲ್ಲಿ ಒಂದು ಚೀಟಿಯಲ್ಲಿ ಬರೆದು ಅಪ್ಪನ ಜೇಬಲ್ಲಿ ಇಡಿ. ಸಾರು ಅನ್ನ ಬೇಕೆನಿಸಿದರೆ ಚಾಣಕ್ಯಪುರಿಯಲ್ಲಿ ನಮ್ಮ ಕರ್ನಾಟಕ ಭವನ ಇದ್ದೇ ಇದೆ.

ತಿಪಟೂರಿನವಳು:
ನಿನ್ನೆ ರಾತ್ರಿ ಇಬ್ಬರನ್ನೂ ರೈಲು ಹತ್ತಿಸಿ ಬಂದೆ. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಮಂಗಳವಾರ ಇಬ್ಬರೇ ಚೀಟಿ ಹಿಡಿದು ಮ್ಯೂಸಿಯಂಗೆ ಹೋಗಿಬಂದರು. ಮೊಹೆಂಜೊದಾರೋದ ನೃತ್ಯಗಾತಿ ಬೊಂಬೆ ನೋಡಿ ಅಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ. ನನ್ನ ಶಾಲೆ ಪುಸ್ತಕದಲ್ಲಿ ಚಿತ್ರ ನೋಡಿ ಆಳೆತ್ತರ ಇರಬೇಕು ಅಂದುಕೊಂಡಿದ್ದರಂತೆ. ಇರುವುದು 10.5 ಸೆಂಟಿಮೀಟರ್. "ನನ್ನ ಗೇಣುದ್ದವೂ ಇಲ್ಲ ಕಣೇ, ಕೈ ತುಂಬಾ ಬಳೆ ಮಾತ್ರ ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅಂತ ಮನೆಗೆ ಬಂದು ಕೈ ಅಗಲಿಸಿ ತೋರಿಸಿದರು.

ಗುರುವಾರ ಮಧ್ಯಾಹ್ನ ಆಫೀಸಿಗೆ ಕರೆಸಿದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅದನ್ನು ಊರಿಂದಲೇ ಬೇರೆ ಕವರಿನಲ್ಲಿ ಇಟ್ಟುಕೊಂಡು ತಂದಿದ್ದರು ಅಂತ ಆಮೇಲೆ ಗೊತ್ತಾಯಿತು. ಅಮ್ಮ ನನ್ನ ಕುರ್ಚಿಯ ಮೇಲೆ ಕೂತು, ಊಟದ ಡಬ್ಬಿ ಎಲ್ಲಿಡುತ್ತೀಯ, ಬಿಸಿ ಮಾಡಿಕೊಳ್ಳಲು ಇದೆಯಾ ಅಂತ ಕೇಳಿದರು. ಅಪ್ಪ ಕೂರಲಿಲ್ಲ. ಮೇಜಿನ ಮೇಲೆ ಕಣ್ಣಾಡಿಸಿ, "ಫೈಲ್ ಎಲ್ಲಮ್ಮ?" ಅಂದರು.

ಎಲ್ಲಾ ಇ-ಆಫೀಸ್ ಅಪ್ಪ, ಈ ಕಂಪ್ಯೂಟರ್‌ನಲ್ಲೇ ಟಿಪ್ಪಣಿ ಬರೆಯುವುದು ಅಂದೆ. "ಸಹಿ?" ಅದೂ ಇದರಲ್ಲೇ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಭೂಮಿ' ಕಂಪ್ಯೂಟರ್ ಪಹಣಿ ಬರುವ ತನಕ ಅವರು ಎಲ್ಲವನ್ನೂ ಕೈಯಲ್ಲೇ ಬರೆದವರು. ಬೆಳೆ ಕಾಲಂ ತುಂಬಲು ಹೊಲದಿಂದ ಹೊಲಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತಿರುತ್ತಿದ್ದೆ.

ಕಿಟಕಿ ಪಕ್ಕ ಒಂದು ಖಾಲಿ ಫೈಲ್ ರಟ್ಟು ಬಿದ್ದಿತ್ತು. ಹಸಿರು ಟ್ಯಾಗಿನ ತುದಿಯ ತಗಡು ಉದುರಿ ನೂಲು ಬಿಚ್ಚಿಕೊಂಡಿತ್ತು. ಅಪ್ಪ ಅದನ್ನು ಎತ್ತಿಕೊಂಡು, ತುದಿಗೆ ಎಂಜಲು ಹಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು, ಒಂದೇ ಸಲಕ್ಕೆ ತೂತಿನಲ್ಲಿ ತೂರಿಸಿದರು. ಗಂಟು ಹಾಕಿ ಎಳೆದು ನೋಡಿದರು. ನಮ್ಮ ಸೆಕ್ಷನ್ ಆಫೀಸರ್ ಹರಿಯಾಣದವರು. ಅವರು ಎದ್ದು ಬಂದು ಅಪ್ಪನಿಗೆ ಕುರ್ಚಿ ಎಳೆದು ಕೊಟ್ಟು ಚಹಾ ತರಿಸಿದರು. ಅಪ್ಪನ ಕನ್ನಡ, ಅವರ ಹಿಂದಿ. ನಾನು ಮಧ್ಯೆ ಜಾಸ್ತಿ ಹೇಳಬೇಕಾಗಿ ಬರಲಿಲ್ಲ.

ಶನಿವಾರ ಗಾರ್ಡ್ ಬದಲಾಗುವುದನ್ನು ನೋಡಿದೆವು, ಭಾನುವಾರ ಅಮೃತ ಉದ್ಯಾನ. ಟ್ಯೂಲಿಪ್ ಆಗ ತಾನೇ ಅರಳುತ್ತಿತ್ತು. ಕೆಂಪು ಕೋಟೆ ಉಳಿಯಿತು. ಸಿಂಧು ಅವರು ಹೇಳಿದ ಹಾಗೆ ಮುಂದಿನ ವರ್ಷ ಬಿಡುವಿನ ತಾರೀಕು ನೋಡಿಕೊಂಡೇ ಟಿಕೆಟ್ ಮಾಡಿಸುತ್ತೇನೆ. ಅಮ್ಮ ಆಗಲೇ ಕೇಳಿದ್ದಾರೆ, ಆ ಸೆಕ್ಷನ್ ಆಫೀಸರ್‌ಗೆ ಕೊಬ್ಬರಿ ಮಿಠಾಯಿ ಹಿಡಿಸುತ್ತಾ ಅಂತ.