ಪ್ಯಾಂಟ್ ಸೈಜ್ 34, ಆದರೂ ಲಿವರ್‌ನಲ್ಲಿ ಕೊಬ್ಬು. ನನಗೂ ಬರುತ್ತಾ?

ಬಳ್ಳಾರಿ ಟೈಲರ್:
ನಾನು 22 ವರ್ಷದಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ವಯಸ್ಸು 51. ಹೋದ ತಿಂಗಳು ನಮ್ಮ ಮನೆಯವರಿಗೆ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಅವರು ಕುಡಿಯುವವರಲ್ಲ. ಕೈಕಾಲು ಸಣ್ಣ, ತೂಕ 70 ಕೆಜಿ. ನಾನು 74. ನಂದೆಲ್ಲ ಸೊಂಟದ ಕೆಳಗೆ, ತೊಡೆಯಲ್ಲೇ ದಪ್ಪ. ನಾಲ್ಕು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್ ಮಾಡಿದಾಗ ನನ್ನ ಲಿವರ್ ಸರಿ ಇತ್ತು.

"ಹತ್ತು ವರ್ಷದಿಂದ 34 ಪ್ಯಾಂಟೇ ಹಾಕ್ತೀನಿ, ನನಗೆಲ್ಲಿಯ ಕೊಬ್ಬು?" ಅಂತಾರೆ. ಗಂಡಸರ ಹೊಟ್ಟೆ ಬಂದ ಹಾಗೆ ಪ್ಯಾಂಟ್ ಕೆಳಗೆ ಇಳಿಯುತ್ತೆ, ಸೈಜ್ ಅಲ್ಲೇ ಇರುತ್ತೆ. ಇದನ್ನ ದಿನಾ ನೋಡ್ತೀನಿ. ಹೊಕ್ಕುಳದ ಮೇಲೆ ಟೇಪ್ ಹಿಡಿದರೆ 39 ಇಂಚು.

ನನ್ನ ಚಿಂತೆ ಬೇರೆ. ಎರಡು ವರ್ಷದ ಹಿಂದೆ ಮುಟ್ಟು ನಿಂತಿತು. ಸೀಟ್ ಅಳತೆ ಈಗಲೂ 42. ಆದರೆ ಲಂಗದ ಲಾಡಿ ಗಂಟು ಹಾಕಿದ ಮೇಲೆ ಮೊದಲು ಒಂದು ಗೇಣು ಉಳಿಯುತ್ತಿತ್ತು, ಈಗ ನಾಲ್ಕು ಬೆರಳೂ ಉಳಿಯಲ್ಲ. ಇದಕ್ಕೂ ಲಿವರ್‌ಗೂ ಸಂಬಂಧ ಇದೆಯಾ?

ರಾಯಚೂರು ನರ್ಸ್:
ಇದೆ ಅಕ್ಕಾ. ಲಾಡಿಯಲ್ಲೇ ಗುರುತು ಹಿಡಿದಿದ್ದೀರಿ. ತೊಡೆ, ಸೊಂಟದ ಕೊಬ್ಬು ಚರ್ಮದ ಕೆಳಗಿರುತ್ತೆ. ಹಗೇವಿನಲ್ಲಿ ಜೋಳ ತುಂಬಿಟ್ಟ ಹಾಗೆ, ಸುಲಭವಾಗಿ ಹೊರಗೆ ಬರಲ್ಲ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುವ ಕೊಬ್ಬು ಹಾಗಲ್ಲ. ಅಲ್ಲಿಂದ ಹೊರಟ ರಕ್ತ ನೇರ ಲಿವರ್‌ಗೇ ಹೋಗುತ್ತೆ. ಗಂಡಸರಿಗೆ ಮೊದಲಿಂದಲೂ ಕೊಬ್ಬು ಅಲ್ಲೇ ಜಾಸ್ತಿ ಸೇರುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ಅದನ್ನ ತೊಡೆ ಕಡೆ ಕಳಿಸುತ್ತೆ. ಆಮೇಲೆ ನಮ್ಮದೂ ಹೊಟ್ಟೆಗೇ ಬರುತ್ತೆ. ಹಾಗಾಗಿ ಹಳೇ ಸ್ಕ್ಯಾನ್ ನಂಬಿ ಕೂರಬೇಡಿ.

ನಮ್ಮ ದೇಶದವರಿಗೆ ಗಂಡಸರ ಹೊಟ್ಟೆ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು. ಅಂದಾಜು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ ಇಂಚು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಇಬ್ಬರೂ ಶುಗರ್, ಕೊಲೆಸ್ಟ್ರಾಲ್, ಲಿವರ್ ಟೆಸ್ಟ್ ಮಾಡಿಸಿ. ಲಿವರ್ ಟೆಸ್ಟ್‌ನಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅಂತ ಎರಡು ಲಿವರ್ ಕಿಣ್ವಗಳ ಅಳತೆ ಬರುತ್ತೆ. ಎಸ್‌ಜಿಪಿಟಿ ನಾರ್ಮಲ್ ಬಂದರೂ ಕೊಬ್ಬು ಇರಬಹುದು. ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ವಯಸ್ಸು, ಈ ನಾಲ್ಕು ಸೇರಿಸಿ ಫಿಬ್-4 ಲೆಕ್ಕ ಹಾಕಿಸಿ. ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನೋ ಅಂದಾಜು ಸಿಗುತ್ತೆ. ಸುಮ್ನೆ ಲಿವರ್ ಟಾನಿಕ್ ತಂದು ಕುಡಿಸಬೇಡಿ.

ಗಂಗಾವತಿ ರೈಸ್ ಮಿಲ್ ಗುಮಾಸ್ತ:
ನನಗೂ ಗ್ರೇಡ್ 2 ಇತ್ತು ಅಕ್ಕಾ. 84 ಕೆಜಿಯಿಂದ 77ಕ್ಕೆ ಬರೋಕೆ ಒಂಬತ್ತು ತಿಂಗಳು ಹಿಡಿಯಿತು. ಎರಡನೇ ಸ್ಕ್ಯಾನ್‌ನಲ್ಲಿ ಗ್ರೇಡ್ 1. ತೂಕದಲ್ಲಿ ನೂರಕ್ಕೆ ಐದು ಇಳಿದರೆ ಲಿವರ್ ಕೊಬ್ಬು ಕರಗೋಕೆ ಶುರು, ಏಳರಿಂದ ಹತ್ತು ಇಳಿದರೆ ಊತವೂ ಕಡಿಮೆಯಾಗುತ್ತೆ ಅಂದಿದ್ದರು ಡಾಕ್ಟರು. ಅಣ್ಣನವರ 70ರಲ್ಲಿ ಅದು ಐದರಿಂದ ಏಳು ಕೆಜಿ. ಮಧ್ಯಾಹ್ನ ಸೋನಾ ಮಸೂರಿ ಎರಡು ತಟ್ಟೆ ಉಣ್ಣುತ್ತಿದ್ದೆ, ಒಂದಕ್ಕೆ ಇಳಿಸಿದೆ. ಸಕ್ಕರೆ ಚಹಾ ಆರರಿಂದ ಎರಡಕ್ಕೆ ಬಂತು. ರಾತ್ರಿ ಜೋಳದ ರೊಟ್ಟಿ, ಪುಂಡಿ ಪಲ್ಲೆ. ರೊಟ್ಟಿ ಅಂತ ಐದು ತಿಂದರೆ ಪ್ರಯೋಜನ ಇಲ್ಲ, ಅದು ನನಗೇ ಮೊದಲೆರಡು ತಿಂಗಳು ಗೊತ್ತಾಗಲಿಲ್ಲ. ಬೆಳಿಗ್ಗೆ ಕಾಲುವೆ ದಂಡೆ ಮೇಲೆ ಮುಕ್ಕಾಲು ಗಂಟೆ ಬಿರುಸಾಗಿ ನಡೀತೀನಿ.

ಬಳ್ಳಾರಿ ಟೈಲರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಂಗೀ, ನೀವು ಹೇಳಿದ ಜಾಗದಲ್ಲೇ ಅಳೆದೆ. ಅವರದು 38, ನನ್ನದು 35. ಮೂವತ್ತೊಂದೂವರೆ ಎಲ್ಲಿ, 35 ಎಲ್ಲಿ! ಅವರು ಟೇಪ್ ಇಸ್ಕೊಂಡು ತಾವೇ ಇನ್ನೊಂದು ಸಲ ಅಳೆದುಕೊಂಡರು. ಆಮೇಲೆ 34ರ ಮಾತು ಎತ್ತಲಿಲ್ಲ. ಸೋಮವಾರ ಇಬ್ಬರೂ ಬರಿ ಹೊಟ್ಟೆಯಲ್ಲಿ ರಕ್ತ ಕೊಡೋಕೆ ಹೋಗ್ತೀವಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೀತೀನಿ.